ಹಪ್ಪಳವನ್ನು ಯಾರಾದರೂ ತೊಳೆಯುತ್ತಾರಾ?

ಹೋದ ಸಲ ನೆಲದ ಕಲೆಗಳ ಬಗ್ಗೆ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಬಹಳ ಜನ ಕೇಳಿದ್ದು ಒಂದೇ ಮಾತು: ನೆಲ ಆಯ್ತು, ತಲೆ ಮೇಲಿರುವುದಕ್ಕೆ ಏನು ಮಾಡೋಣ? ಆಯುಧ ಪೂಜೆ ಹತ್ತಿರ ಬಂತಲ್ಲ, ವರ್ಷವಿಡೀ ಮೇಲೆ ನೋಡದವರೂ ಈಗ ಕತ್ತೆತ್ತಿ ನೋಡುತ್ತಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಫಾಲ್ಸ್ ಸೀಲಿಂಗಿನದೇ ಕಥೆ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ, ಅದಕ್ಕೇ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಸಾರ್, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಮ್ಮದೊಂದು ಸಣ್ಣ ಆಡಿಟ್ ಆಫೀಸು. ಮೇಲೆ ಬಿಳಿ ಚೌಕ ಚೌಕದ ಸೀಲಿಂಗ್ ಇದೆ. ಟೈಲ್ಸ್ ಮೈತುಂಬ ಸಣ್ಣ ಸಣ್ಣ ತೂತು, ಹುಳ ತಿಂದ ಹಾಗೆ ಗೀರು. ಒಂಬತ್ತು ವರ್ಷದಲ್ಲಿ ಬೂದಿ ಬಣ್ಣಕ್ಕೆ ತಿರುಗಿದೆ. ಕ್ಲೀನ್ ಮಾಡಿ ಅಂತ ಹುಡುಗರಿಗೆ ಹೇಳಿದೆ. ಅವರು ಸೋಪಿನ ನೀರಲ್ಲಿ ಬಟ್ಟೆ ಅದ್ದಿ ನಾಲ್ಕು ಟೈಲ್ಸ್ ತಿಕ್ಕಿದ್ದಾರೆ. ಈಗ ನಾಲ್ಕೂ ಮಚ್ಚೆ ಮಚ್ಚೆ, ಒಂದಂತೂ ನಡುವೆ ಜೋತು ಬಿದ್ದಿದೆ. ಉಳಿದ ನೂರಾ ಹತ್ತು ಟೈಲ್ಸ್ ಏನು ಮಾಡಲಿ?

ಉತ್ತರ: ಮೊದಲು ಹುಡುಗರನ್ನು ಏಣಿಯಿಂದ ಇಳಿಸಿ. ಬೈಯಬೇಡಿ ಪಾಪ, ಗೋಡೆ ಒರೆಸಿದ ಹಾಗೆ ಒರೆಸಿದ್ದಾರೆ. ಕೆಲಸ ಕಲಿಯುವಾಗ ನಾನೂ ಅದನ್ನೇ ಮಾಡಿದ್ದೆ.

ನೀವು ಹೇಳಿದ ಗುರುತು ನೋಡಿದರೆ ಅದು ಮಿನರಲ್ ಫೈಬರ್ ಟೈಲ್ಸ್. ಕಲ್ಲನ್ನೋ ಕುಲುಮೆಯ ಕಿಟ್ಟವನ್ನೋ ಕರಗಿಸಿ ಎಳೆದ ಉಣ್ಣೆಯಂಥ ನಾರು, ಪರ್ಲೈಟ್ ಅನ್ನುವ ಹಗುರ ಪುಡಿ, ಜೇಡಿಮಣ್ಣು, ಹಳೆ ಕಾಗದದ ತಿರುಳು, ಇವೆಲ್ಲ ಒಂದಕ್ಕೊಂದು ಅಂಟಿಕೊಳ್ಳಲಿ ಅಂತ ಗಂಜಿ. ಹೌದು, ಗಂಜಿಯೇ, ಬಟ್ಟೆಗೆ ಹಾಕುತ್ತೇವಲ್ಲ ಅಂಥದ್ದೇ. ಎಲ್ಲವನ್ನೂ ನೀರಲ್ಲಿ ಕಲಸಿ, ಹಾಳೆ ಮಾಡಿ, ಒಣಗಿಸಿ, ನಮಗೆ ಕಾಣುವ ಮೈಗೆ ಮಾತ್ರ ತೆಳ್ಳಗೆ ಬಿಳಿ ಬಣ್ಣ ಕೊಟ್ಟಿರುತ್ತಾರೆ. ಹೆಚ್ಚು ಕಡಿಮೆ ಹಪ್ಪಳ ಅಂದುಕೊಳ್ಳಿ. ಒಣಗಿದ್ದಾಗ ಗರಿಗರಿ, ನೀರು ಕುಡಿದರೆ ಮೆತ್ತಗೆ. ಒದ್ದೆಯಾದ ಟೈಲ್ಸ್‌ಗೆ ನಾಲ್ಕು ಅಂಚಲ್ಲಿ ಮಾತ್ರ ಆಸರೆ ಇರುತ್ತದೆ, ನಡುವೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಒಣಗಿದ ಮೇಲೂ ಅದು ನೆಟ್ಟಗಾಗುವುದಿಲ್ಲ. ಜೋತು ಬಿದ್ದ ಟೈಲ್ಸ್ ಆಸೆ ಬಿಡಿ.

ಮಚ್ಚೆ ಯಾಕೆ ಬಂತು ಅಂದರೆ, ಆ ತೂತು ಗೀರುಗಳು ಬರೀ ಅಂದಕ್ಕಲ್ಲ. ಮಾತಿನ ಸದ್ದು ಅದರೊಳಗೆ ಹೋಗಿ ಅಡಗಲಿ ಅಂತ ಮಾಡಿದ್ದು. ಒಂಬತ್ತು ವರ್ಷದ ಧೂಳು ಅಲ್ಲೇ ಕೂತಿದೆ. ಒಣ ಧೂಳಿಗೆ ಒದ್ದೆ ಬಟ್ಟೆ ತಾಗಿದ ತಕ್ಷಣ ಅದು ಧೂಳಲ್ಲ, ಕೆಸರು. ತೂತಿನೊಳಗೆ ಹೋದ ಕೆಸರನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ.

ಆದ್ದರಿಂದ ಉಳಿದ ನೂರಾ ಹತ್ತಕ್ಕೆ ಮೊದಲ ಸುತ್ತು ಪೂರ್ತಿ ಒಣ ಕೆಲಸ. ಒಂದು ವ್ಯಾಕ್ಯೂಮ್ ಕ್ಲೀನರ್ ಬೇಕು, ಬಾಡಿಗೆಗೂ ಸಿಗುತ್ತದೆ, ಬಾಯಿಗೆ ಉದ್ದ ಕೂದಲಿನ ಮೃದು ಬ್ರಷ್ ಹಾಕಿ. ಅದನ್ನು ಟೈಲ್ಸ್ ಮೇಲೆ ಒತ್ತಬಾರದು, ಮುಟ್ಟಿಯೂ ಮುಟ್ಟದ ಹಾಗೆ ಒಂದೇ ದಿಕ್ಕಿಗೆ ಎಳೆಯಬೇಕು. ಗೀರುಗಳು ಯಾವ ಕಡೆಗೆ ಓಡುತ್ತವೋ ಆ ಕಡೆಗೇ. ಅಡ್ಡಡ್ಡ ಎಳೆದರೆ, ಗುಂಡಗೆ ತಿರುಗಿಸಿದರೆ, ಧೂಳು ಇನ್ನೂ ಒಳಗೆ ಹೋಗಿ ಅಲ್ಲಿ ಸುತ್ತು ಸುತ್ತು ಗುರುತು ನಿಲ್ಲುತ್ತದೆ. ಮೊದಲು ಬೀರುವಿನ ಮೇಲಿನ ಯಾರಿಗೂ ಕಾಣದ ಒಂದು ಟೈಲ್ಸ್‌ನಲ್ಲಿ ಮಾಡಿ ನೋಡಿ. ಬಣ್ಣ ಪುಡಿ ಪುಡಿಯಾಗಿ ಬ್ರಷ್ಷಿಗೆ ಬಂದರೆ ಅಲ್ಲಿಗೆ ನಿಲ್ಲಿಸಿ, ಆ ಟೈಲ್ಸ್ ಆಯಸ್ಸು ಮುಗಿದಿದೆ.

ಪೊರಕೆ ಸಾಲದೇ ಅಂತ ಕೇಳುತ್ತೀರಿ, ಗೊತ್ತು. ತೆಂಗಿನ ಕಡ್ಡಿ ಪೊರಕೆಯಂತೂ ಬೇಡವೇ ಬೇಡ, ಟೈಲ್ಸ್ ಮೈ ಗೀಚುತ್ತದೆ. ಬಲೆ ಹೊಡೆಯುವ ಉದ್ದ ಕೋಲಿನ ಮೃದು ಬ್ರಷ್ ಆದರೆ ಪರವಾಗಿಲ್ಲ, ಆದರೆ ಧೂಳು ಹೋಗುವುದಿಲ್ಲ, ಸುಮ್ನೆ ಜಾಗ ಬದಲಾಯಿಸಿ ನಿಮ್ಮ ಫೈಲುಗಳ ಮೇಲೆ ಕೂರುತ್ತದೆ ಅಷ್ಟೆ. ಅಂದ ಹಾಗೆ ಕೆಲಸಕ್ಕೆ ಮುಂಚೆ ಮೇಜು, ಕಂಪ್ಯೂಟರ್, ಪ್ರಿಂಟರ್ ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಸಿ. ಫ್ಯಾನು, ಏಸಿ ಆರಿಸಿ. ಏಣಿ ಹತ್ತುವವರಿಗೆ ಮಾಸ್ಕ್ ಮತ್ತು ಕನ್ನಡಕ ಕೊಡಿ, ಮೇಲೆ ನೋಡಿಕೊಂಡು ಮಾಡುವ ಕೆಲಸ, ಎಲ್ಲಾ ಕಣ್ಣಿಗೇ ಬೀಳುತ್ತದೆ. ಮತ್ತೆ ಚಕ್ರದ ಕುರ್ಚಿ ಮೇಲೆ ನಿಂತು ಮಾಡುವ ಸಾಹಸ ಬೇಡ. ನಗಬೇಡಿ, ಹಾಗೆ ಬಿದ್ದು ಕೈ ಮುರಿದುಕೊಂಡವರನ್ನು ನಾನು ಬಲ್ಲೆ.

ಇಷ್ಟಾದ ಮೇಲೂ ಉಳಿಯುವ ಕಲೆಗಳಿಗೆ ರಬ್ಬರು. ಮಕ್ಕಳು ಚಿತ್ರ ಬಿಡಿಸಲು ಬಳಸುವ ಮೆತ್ತನೆಯ ಬಿಳಿ ರಬ್ಬರು, ಅದೇ. ಪೆನ್ಸಿಲ್ ಗೆರೆ, ಕೈಯ ಎಣ್ಣೆ ಗುರುತು, ಎಲೆಕ್ಟ್ರಿಷಿಯನ್ ಬಿಟ್ಟು ಹೋದ ಬೆರಳಚ್ಚು, ಇವೆಲ್ಲ ಬಹುಪಾಲು ಹೋಗುತ್ತವೆ. ಸಣ್ಣ ಗೀರಿಗೆ ಬಿಳಿ ಸೀಮೆಸುಣ್ಣ ಉಜ್ಜಿ, ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಇದು ಮೋಸ ಅಲ್ವಾ ಅಂದರೆ, ಮೋಸವೇ.

ನೀರು ಬೇಕೇ ಬೇಕು ಅನ್ನಿಸಿದರೆ ಕೊನೆಗೆ, ಆ ಟೈಲ್ಸ್ ಒರೆಸಬಹುದಾದ ಜಾತಿಯದಾದರೆ ಮಾತ್ರ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ನೀರಲ್ಲಿ ಸ್ಪಂಜು ಅದ್ದಿ, ಹಿಂಡಿ, ಮತ್ತೆ ಹಿಂಡಿ, ಇನ್ನು ಒಂದು ಹನಿಯೂ ಬೀಳುವುದಿಲ್ಲ ಅನ್ನುವಾಗ ಒಂದೇ ಸಲ ಸವರಿ ಬಿಡಿ. ಸ್ಪ್ರೇ ಬಾಟಲಿಯನ್ನು ಮಾತ್ರ ಆ ರೂಮಿನಿಂದಲೇ ಆಚೆ ಇಡಿ. ಟೈಲ್ಸ್ ಕೂರಿಸಿರುವ ನಡುವಿನ ಲೋಹದ ಟಿ ಪಟ್ಟಿಗಳನ್ನು ಧಾರಾಳವಾಗಿ ಒರೆಸಬಹುದು, ಆದರೆ ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ನೀರು ಗಡಸು, ಒಣಗಿದ ಮೇಲೆ ಬಿಳಿ ಪೊರೆ ನಿಲ್ಲುತ್ತದೆ. ಶುದ್ಧ ನೀರಿನ ಘಟಕದಿಂದ ಒಂದು ಕ್ಯಾನು ತಂದರೆ ಇಡೀ ಆಫೀಸಿಗೆ ಸಾಕು. ನಿಜ ಹೇಳಬೇಕೆಂದರೆ ಟೈಲ್ಸ್ ಹಾಗೇ ಬಿಟ್ಟು ಈ ಪಟ್ಟಿಗಳನ್ನಷ್ಟೇ ಬೆಳ್ಳಗೆ ಮಾಡಿದರೂ ಸೀಲಿಂಗ್ ಅರ್ಧ ಹೊಸದರ ಹಾಗೆ ಕಾಣುತ್ತದೆ.

ಇನ್ನು ಹಾಳಾದ ಆ ನಾಲ್ಕು. ಹೊಸದು ತಂದು ಅದೇ ಜಾಗಕ್ಕೆ ಹಾಕಿದರೆ ಬೂದು ಸೀಲಿಂಗಿನ ನಡುವೆ ನಾಲ್ಕು ಬಿಳಿ ಹಲ್ಲು ಕಂಡ ಹಾಗೆ ಕಾಣುತ್ತದೆ. ನಾವು ಮಾಡುವುದು ಹೀಗೆ: ಮೂಲೆಯಿಂದ, ಬೀರುವಿನ ಮೇಲಿಂದ, ಬಾಗಿಲ ಹಿಂದಿನಿಂದ ಹಳೆಯ ನಾಲ್ಕು ಟೈಲ್ಸ್ ತೆಗೆದು ನಡುವಿಗೆ ಹಾಕುತ್ತೇವೆ, ಹೊಸದನ್ನು ಆ ಮೂಲೆಗಳಿಗೆ. ಗೋಡೆಗೆ ತಾಗಿದ ಸಾಲಿನ ಟೈಲ್ಸ್ ಸಾಮಾನ್ಯವಾಗಿ ಕತ್ತರಿಸಿದ್ದು, ಅದನ್ನು ತೆಗೆಯಬೇಡಿ, ಎರಡನೇ ಸಾಲಿನದನ್ನು ತೆಗೆಯಿರಿ. ಅಂಗಡಿಗೆ ಹೋಗುವಾಗ ಹಳೆಯ ಟೈಲ್ಸ್ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ. ಎರಡಡಿಗೆ ಎರಡಡಿ ಅಂತ ಬಾಯಲ್ಲಿ ಹೇಳಿದರೆ ಸಾಲದು. ಅಂಚು ನೇರವಾಗಿದೆಯೋ, ಪಟ್ಟಿಗಿಂತ ಕೆಳಗೆ ಇಳಿಯುವ ಮೆಟ್ಟಿಲಂಚೋ, ದಪ್ಪ ಎಷ್ಟು, ತೂತಿನ ವಿನ್ಯಾಸ ಯಾವುದು, ಎಲ್ಲಾ ಕೂಡಿ ಬರಬೇಕು. ಟೈಲ್ಸ್ ಹಿಂಬದಿಯಲ್ಲಿ ಕಂಪನಿಯ ಮುದ್ರೆ ಇದ್ದರೆ ಕೆಲಸ ಸಲೀಸು. ಮುಟ್ಟುವಾಗ ಕೈ ತೊಳೆದಿರಲಿ. ತಟ್ಟೆ ಇಡ್ಲಿ ತಿಂದ ಕೈಯಲ್ಲಿ ಹೊಸ ಟೈಲ್ಸ್ ಹಿಡಿದು ಐದು ಬೆರಳಿನ ಗುರುತು ಶಾಶ್ವತ ಮಾಡಿದ ಮೇಸ್ತ್ರಿ ಒಬ್ಬರು ನಮ್ಮಲ್ಲೇ ಇದ್ದರು.

ಪ್ರಶ್ನೆ: ಕೋಲಾರದಲ್ಲಿ ನಮ್ಮ ಸಂಘದ ಕಚೇರಿ ಸೀಲಿಂಗಿನಲ್ಲಿ ಮೂರು ಕಡೆ ಕಂದು ಬಣ್ಣದ ಉಂಗುರಗಳು. ಪೇಂಟರ್ ಕರೆಸಿ ಬಿಳಿ ಎಮಲ್ಷನ್ ಎರಡು ಕೋಟ್ ಹೊಡೆಸಿದೆವು. ಎರಡೇ ತಿಂಗಳಿಗೆ ಅದೇ ಉಂಗುರ ಮತ್ತೆ ಹೊರಗೆ ಬಂದಿದೆ. ಪೇಂಟ್ ಡೂಪ್ಲಿಕೇಟಾ?

ಉತ್ತರ: ಪೇಂಟನ್ನು ಬೈಯಬೇಡಿ. ಆ ಉಂಗುರ ನಿಮಗೆ ಏನೋ ಹೇಳುತ್ತಿದೆ, ನೀವು ಅದರ ಬಾಯಿ ಮುಚ್ಚಿಸಿದ್ದೀರಿ, ಅದು ಮತ್ತೆ ಹೇಳುತ್ತಿದೆ.

ಮೇಜಿನ ಮೇಲೆ ಕಾಫಿ ಲೋಟ ಇಟ್ಟರೆ ಉಂಗುರ ಬೀಳುತ್ತದಲ್ಲ, ಇದೂ ಅದೇ. ಮೇಲಿಂದ ಬಿದ್ದ ನೀರು ಟೈಲ್ಸ್ ಒಳಗಿನ ಕಾಗದ, ಗಂಜಿಯ ಕಂದು ಬಣ್ಣವನ್ನೂ, ಜೊತೆಗೆ ಮೇಲಿದ್ದ ಧೂಳು, ತುಕ್ಕನ್ನೂ ಕರಗಿಸಿಕೊಂಡು ಹರಡುತ್ತದೆ. ಅಂಚಿನಲ್ಲಿ ನೀರು ಆರಿ ಹೋಗುತ್ತದೆ, ಬಣ್ಣ ಅಲ್ಲೇ ಉಳಿಯುತ್ತದೆ. ಮರದ ಕಾಂಡದಲ್ಲಿ ವರ್ಷ ಎಣಿಸಿದ ಹಾಗೆ ಇದರಲ್ಲೂ ಎಣಿಸಬಹುದು. ಒಂದರೊಳಗೊಂದು ಮೂರು ಉಂಗುರ ಇದ್ದರೆ ಕಡಿಮೆಯೆಂದರೂ ಮೂರು ಸಲ ನೆಂದಿದೆ ಅಂತ ಲೆಕ್ಕ.

ಈಗ ಯಾವಾಗ ನೆನೆಯುತ್ತದೆ ಅಂತ ನೋಡಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅದರ ಮುಂಚೆ ಏಪ್ರಿಲ್, ಮೇನಲ್ಲಿ ಗುಡುಗಿನ ಮಳೆ. ಕಲೆ ಮಳೆ ಬಂದಾಗ ಬೆಳೆದರೆ ತಾರಸಿ ಸೋರುತ್ತಿದೆ. ಬಿಸಿಲುಗಾಲದಲ್ಲಿ, ಒಂದು ಹನಿ ಮಳೆ ಇಲ್ಲದಾಗ ಬೆಳೆದರೆ ಅದು ಏಸಿ. ಒಂದೋ ನೀರು ಹೊರಗೆ ಹೋಗುವ ಪೈಪು ಕಟ್ಟಿಕೊಂಡಿದೆ, ಇಲ್ಲಾ ತಣ್ಣನೆಯ ಪೈಪಿಗೆ ಸುತ್ತಿದ ಕಪ್ಪು ಸ್ಪಂಜು ಹರಿದು ಅಲ್ಲಿ ಬೆವರು ಕಟ್ಟಿ ತೊಟ್ಟಿಕ್ಕುತ್ತಿದೆ. ಮಳೆಗೂ ಸಂಬಂಧ ಇಲ್ಲ, ಏಸಿಗೂ ಇಲ್ಲ, ವರ್ಷವಿಡೀ ಒದ್ದೆ ಅಂದರೆ ಮೇಲಿನ ಮಹಡಿಯ ಬಚ್ಚಲು. ಅದು ಗೊತ್ತಾದಾಗ ಆ ಕಲೆಯನ್ನು ಯಾರೂ ಬರಿಗೈಯಲ್ಲಿ ಮುಟ್ಟುವುದಿಲ್ಲ!

ಉಂಗುರದ ಟೈಲ್ಸ್ ಎತ್ತಿ ಮೇಲೆ ಟಾರ್ಚ್ ಬಿಟ್ಟು ನೋಡಿ. ಎತ್ತುವ ಮುಂಚೆ ಮೇನ್ ಸ್ವಿಚ್ ಆರಿಸಿ, ಮೇಲೆ ವೈರು ಹೇಗೆ ಬಿದ್ದಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅಲ್ಲಿ ನೀರೂ ಇದೆ. ಅಲ್ಯೂಮಿನಿಯಂ ಏಣಿಯಂತೂ ಆ ಹೊತ್ತಿಗೆ ಬೇಡ.

ಸೋರುವುದು ನಿಂತ ಮೇಲೆ ಎರಡು ದಾರಿ. ಟೈಲ್ಸ್ ಗಟ್ಟಿಯಾಗಿದ್ದು ಕಲೆ ಮಾತ್ರ ಇದ್ದರೆ, ಪೂರ್ತಿ ಒಣಗಲು ಬಿಟ್ಟು, ಆಯಿಲ್ ಬೇಸ್ಡ್ ಪ್ರೈಮರ್ ತೆಳ್ಳಗೆ ಒಂದು ಕೈ ಕೊಟ್ಟು ಆಮೇಲೆ ಬಿಳಿ ಹೊಡೆಯಿರಿ. ಎಮಲ್ಷನ್ನಿನಲ್ಲಿ ಇರುವುದೇ ನೀರು. ಅದು ಕಲೆಯ ಬಣ್ಣವನ್ನು ಮತ್ತೆ ಕರಗಿಸಿ ಮೇಲಕ್ಕೆ ಎಳೆದುಕೊಳ್ಳುತ್ತದೆ, ನಿಮ್ಮಲ್ಲಿ ಆಗಿರುವುದು ಅದೂ ಇರಬಹುದು. ಟೈಲ್ಸ್ ಮೆತ್ತಗಾಗಿದ್ದರೆ, ಕಪ್ಪು ಹಸಿರು ಬೂಷ್ಟು ಕಂಡರೆ, ಉಳಿಸುವ ಮಾತೇ ಇಲ್ಲ. ನೆಂದ ವಸ್ತು 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಹಿಡಿಯಲು ಶುರು. ಅದರ ಬೇರು ನಾರಿನೊಳಗೆ ಇರುತ್ತದೆ, ಮೇಲೆ ಒರೆಸಿದರೆ ಹೋಗುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಆಫೀಸಿನಲ್ಲಿ ಧೂಳಾಡದ ಹಾಗೆ ಹೊರಗೆ ಸಾಗಿಸಿ.

ಬ್ಲೀಚ್ ಹಾಕಿದರೆ ಕಲೆ ಹೋಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಬಣ್ಣ ತಿಳಿಯಾಗುವುದು ನಿಜ. ನನ್ನ ಕಥೆ ಕೇಳಿ. ಸುಮಾರು ಹದಿನೈದು ವರ್ಷದ ಕೆಳಗೆ ಒಂದು ಆಫೀಸಿನಲ್ಲಿ ನಾನು ಬ್ಲೀಚಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಉಂಗುರಕ್ಕೆ ಹೊಡೆದೆ. ಉಂಗುರ ಮಾಯ. ಯಜಮಾನರು ಕಾಫಿ ತರಿಸಿದರು. ಕುಡಿದು ಬರುವಷ್ಟರಲ್ಲಿ ಟೈಲ್ಸಿನಿಂದ ತೊಟ್ಟಿಕ್ಕಿದ ಹನಿಗಳು ಅವರ ಹೊಸ ನೀಲಿ ಕಾರ್ಪೆಟ್ ಮೇಲೆ ಬಿಳಿ ಚುಕ್ಕಿ ರಂಗೋಲಿ ಇಟ್ಟಿದ್ದವು. ಆ ತಿಂಗಳ ದುಡಿಮೆ ಕಾರ್ಪೆಟ್ಟಿಗೆ ಹೋಯಿತು. ಮಾಡಲೇಬೇಕು ಅಂದರೆ ಟೈಲ್ಸ್ ಕೆಳಗಿಳಿಸಿ, ಬಯಲಲ್ಲಿ, ಕೈಗೆ ಗ್ಲೌಸ್ ಹಾಕಿ, ಹತ್ತಿಯಲ್ಲಿ ಅದ್ದಿ ಒತ್ತಿ. ಮತ್ತು ಒಂದು ವಿಷಯದಲ್ಲಿ ತಮಾಷೆ ಇಲ್ಲ: ಬ್ಲೀಚನ್ನು ಟಾಯ್ಲೆಟ್ಟಿನ ಆಸಿಡ್ ಜೊತೆ ಸೇರಿಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಜೊತೆ ಸೇರಿಸಿದರೂ ವಿಷದ ಹೊಗೆ. ಎರಡು ಸೇರಿಸಿದರೆ ಡಬಲ್ ಕ್ಲೀನ್ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ತುಮಕೂರಿನ ಅಂತರಸನಹಳ್ಳಿ ಕಡೆ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ನನಗೆ. ಏಸಿ ಗಾಳಿ ಬರುವ ಜಾಲರಿಯ ಸುತ್ತ ಮಾತ್ರ ಟೈಲ್ಸ್ ಕಪ್ಪಗೆ, ಬೇರೆ ಕಡೆ ಚೆನ್ನಾಗಿದೆ. ಏಸಿ ಸರ್ವಿಸ್ ಮಾಡಿಸಿದ ತಿಂಗಳಿಗೇ ಮತ್ತೆ ಕಪ್ಪು.

ಉತ್ತರ: ಎಲ್ಲರೂ ಏಸಿಯೊಳಗಿನ ಕೊಳೆ ಅಂದುಕೊಳ್ಳುತ್ತಾರೆ. ಕೆಲವು ಸಲ ಹೌದು. ಆದರೆ ಜಾಸ್ತಿ ಸಲ ಅದು ರೂಮಿನದ್ದೇ ಧೂಳು. ಜಾಲರಿಯಿಂದ ಜೋರಾಗಿ ಹೊರಟ ತಣ್ಣನೆ ಗಾಳಿ ಅದೇ ರೂಮಿನ ಅಕ್ಕಪಕ್ಕದ ಗಾಳಿಯನ್ನೂ ಎಳೆದುಕೊಂಡು ಸೀಲಿಂಗಿಗೆ ಉಜ್ಜಿಕೊಂಡು ಓಡುತ್ತದೆ. ಅದರಲ್ಲಿರುವ ಧೂಳು, ಹೊಗೆಯ ಕಣ ಅಲ್ಲೇ ಅಂಟುತ್ತದೆ. ಬಾಗಿಲು ತೆಗೆದಿಟ್ಟು ಏಸಿ ಹಾಕುವ ಆಫೀಸಿನಲ್ಲಿ ಇದು ನಿಲ್ಲುವುದೇ ಇಲ್ಲ, ನಿಮ್ಮಲ್ಲಿ ಲಾರಿ ಓಡಾಟ ಬೇರೆ. ಫಿಲ್ಟರ್ ತೊಳೆಯಿರಿ, ಬಾಗಿಲಿಗೆ ತಾನೇ ಮುಚ್ಚುವ ಕೀಲು ಹಾಕಿಸಿ, ಜಾಲರಿ ಕಳಚಿ ತೊಳೆದು ಒಣಗಿಸಿ. ಟೈಲ್ಸಿಗೆ ಬ್ರಷ್ಷಿನ ವ್ಯಾಕ್ಯೂಮ್, ಮೇಲೆ ಹೇಳಿದ ಹಾಗೆ. ಟೈಲ್ಸ್ ಮತ್ತು ಪಟ್ಟಿಯ ಸಂದಿಯಲ್ಲಿ ಕಪ್ಪು ಗೆರೆ ಕಂಡರೆ ಅಲ್ಲಿ ಸಂದು ಬಿಟ್ಟಿದೆ, ಗಾಳಿ ಅದರಲ್ಲಿ ನುಸುಳುತ್ತಿದೆ, ಟೈಲ್ಸ್ ಅಂಚೇ ಜರಡಿ ಆಗಿದೆ. ಎತ್ತಿ ಸರಿಯಾಗಿ ಕೂರಿಸಿ. ಪಕ್ಕದಲ್ಲಿ ಹೊಗೆ ಹಿಡಿಯುವ ಡಿಟೆಕ್ಟರ್ ಅಥವಾ ಬೆಂಕಿ ನಂದಿಸುವ ನೀರಿನ ಮೂತಿ ಇದ್ದರೆ ಅವಕ್ಕೆ ಬಟ್ಟೆಯನ್ನೂ ತಾಗಿಸಬೇಡಿ, ಪೇಂಟನ್ನೂ ತಾಗಿಸಬೇಡಿ.

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಂಡಿ. ಗಲ್ಲಾಪೆಟ್ಟಿಗೆ ಮೇಲೆ ದೇವರ ಫೋಟೋ, ದಿನಾ ದೀಪ, ಊದುಬತ್ತಿ, ಶುಕ್ರವಾರ ಕರ್ಪೂರ. ಮೇಲಿನ ಟೈಲ್ಸ್ ಕರ್ರಗೆ ಮಸಿ ಹಿಡಿದಿದೆ. ನಮ್ಮ ಯಜಮಾನರು ದೀಪ ನಿಲ್ಲಿಸುವ ಮಾತು ಬೇಡ ಅಂತಾರೆ. ಏನು ಮಾಡಲಿ?

ಉತ್ತರ: ಮೇಡಂ, ದೀಪ ನಿಲ್ಲಿಸುವುದು ಬೇಡ, ಮಸಿಯನ್ನು ಒದ್ದೆ ಮಾಡುವುದೂ ಬೇಡ. ದೀಪದ ಮಸಿಯಲ್ಲಿ ಎಣ್ಣೆ ಜಿಡ್ಡು ಇರುತ್ತದೆ, ನೀರು ತಾಗಿದರೆ ಕಾಡಿಗೆ ತೀಡಿದ ಹಾಗೆ ಹರಡುತ್ತದೆ. ಇದಕ್ಕೆ ಒಣ ರಬ್ಬರ್ ಸ್ಪಂಜು ಅಂತ ಬರುತ್ತದೆ, ಬೆಂಕಿ ಬಿದ್ದ ಮನೆಗಳ ಮಸಿ ತೆಗೆಯಲು ಬಳಸುವಂಥದ್ದು, ಆನ್‌ಲೈನಿನಲ್ಲಿ ಸಿಗುತ್ತದೆ. ಅದಕ್ಕೆ ನೀರು ಸೋಕಿಸದೆ ಒಂದೇ ದಿಕ್ಕಿಗೆ ಎಳೆಯಬೇಕು, ಮೈ ಕಪ್ಪಾದಾಗ ಮಗ್ಗುಲು ಬದಲಿಸಬೇಕು, ನಾಲ್ಕೂ ಮಗ್ಗುಲು ಕಪ್ಪಾದರೆ ಚಾಕುವಿನಲ್ಲಿ ಮೇಲಿನ ಪದರ ಕೊಯ್ದು ಬಿಸಾಡಿ.

ಅದು ಸಿಗುವವರೆಗೆ ಹಳೇ ಉಪಾಯ ಒಂದಿದೆ: ನಿನ್ನೆಯ ಬ್ರೆಡ್ಡಿನ ಒಳಗಿನ ಬಿಳಿ ಭಾಗ. ಉಜ್ಜಬೇಡಿ, ಒತ್ತಿ ಎತ್ತಿ, ಒತ್ತಿ ಎತ್ತಿ. ಪುಡಿ ಉಳಿದರೆ ಇರುವೆ ಬರುತ್ತದೆ, ಆಮೇಲೆ ಬ್ರಷ್ ಆಡಿಸಿ. ಅಮೆರಿಕದಲ್ಲಿ ಹಿಂದೆ ಮನೆ ಬೆಚ್ಚಗಿಡಲು ಕಲ್ಲಿದ್ದಲು ಉರಿಸುತ್ತಿದ್ದರು, ಗೋಡೆ ಕಾಗದಕ್ಕೆ ಹಿಡಿದ ಆ ಮಸಿಯನ್ನು ತೆಗೆಯಲು ಹಿಟ್ಟಿನ ಉಂಡೆ ಮಾರುತ್ತಿದ್ದರು. ಕಲ್ಲಿದ್ದಲು ಹೋಗಿ ಗ್ಯಾಸ್ ಬಂದ ಮೇಲೆ ಆ ಉಂಡೆ ಕೇಳುವವರಿಲ್ಲದೆ, ಅದಕ್ಕೇ ಬಣ್ಣ ಹಾಕಿ 1950ರ ದಶಕದಲ್ಲಿ ಮಕ್ಕಳ ಆಟದ ಸಾಮಾನು ಮಾಡಿದರು. ಈಗ ಮಕ್ಕಳು ಆಡುವ ಪ್ಲೇ-ಡೋ ಅದೇ. ಹಾಗಂತ ಚಪಾತಿ ಹಿಟ್ಟು ಹಿಡಿದುಕೊಂಡು ಏಣಿ ಹತ್ತಬೇಡಿ, ತೂತಿಗೆ ಮೆತ್ತಿಕೊಂಡರೆ ಬರುವುದಿಲ್ಲ.

ಮುಂದಕ್ಕೆ ದೀಪದ ಬತ್ತಿ ಸಣ್ಣಗೆ ಇರಲಿ, ಉದ್ದ ಬತ್ತಿ ಜಾಸ್ತಿ ಮಸಿ ಕಾರುತ್ತದೆ. ದೀಪಕ್ಕೂ ಸೀಲಿಂಗಿಗೂ ನಡುವೆ ಒಂದು ಗಾಜಿನ ಅಥವಾ ತಗಡಿನ ಹಲಗೆ ಅಡ್ಡ ಹಾಕಿಸಿದರೆ ಮಸಿ ಅದಕ್ಕೆ ಹಿಡಿಯುತ್ತದೆ, ವಾರಕ್ಕೊಮ್ಮೆ ಇಳಿಸಿ ತೊಳೆಯಬಹುದು. ಮಂಡಿಯ ತುಂಬ ಒಣ ಕೊಬ್ಬರಿ, ಗೋಣಿಚೀಲ ಇರುವಾಗ ದೀಪ ಮತ್ತು ಸೀಲಿಂಗ್ ದೂರ ಇದ್ದಷ್ಟೂ ಒಳ್ಳೆಯದು. ಇದನ್ನು ಯಜಮಾನರಿಗೆ ನೀವು ಹೇಳುವುದಕ್ಕಿಂತ ನಾನು ಹೇಳಿದೆ ಅಂತ ಹೇಳಿ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಘಟಕ ಇದೆ. ಗೂಡು ಬೇಯಿಸುವ ಜಾಗದ ಪಕ್ಕದಲ್ಲೇ ಆಫೀಸ್ ರೂಮು. ಎರಡು ಸಲ ಟೈಲ್ಸ್ ಹಾಕಿಸಿದೆ, ಎರಡು ಸಲವೂ ಹೊಟ್ಟೆ ಬಿಟ್ಟುಕೊಂಡವು. ವಾಸನೆಯೂ ಹಿಡಿದಿದೆ. ಹೇಗೆ ತೊಳೆಯಲಿ?

ಉತ್ತರ: ತೊಳೆಯುವ ಪ್ರಶ್ನೆಯೇ ಅಲ್ಲ ಇದು. ಹಬೆ ಏಳುವ ಜಾಗದ ಪಕ್ಕ ಹಪ್ಪಳ ಕಟ್ಟಿದ್ದೀರಿ. ಮಾಮೂಲಿ ಮಿನರಲ್ ಫೈಬರ್ ಅಲ್ಲಿ ಬಾಳುವುದಿಲ್ಲ, ಗಾಳಿಯ ತೇವವನ್ನೇ ಕುಡಿಯುತ್ತದೆ. ತೇವ ತಡೆಯುವ ಜಾತಿ ಇದೆ, ಪೆಟ್ಟಿಗೆ ಮೇಲೆ ಆರ್‌ಎಚ್ 90, ಆರ್‌ಎಚ್ 95, 99 ಅಂತ ಬರೆದಿರುತ್ತದೆ, ಗಾಳಿಯಲ್ಲಿ ಶೇಕಡ ಅಷ್ಟು ತೇವ ಇದ್ದರೂ ಜೋತು ಬೀಳುವುದಿಲ್ಲ ಅಂತ ಅರ್ಥ. ಆದರೆ ನಿಮ್ಮ ಜಾಗಕ್ಕೆ ನಾನಾದರೆ ಅದನ್ನೂ ಹಾಕುವುದಿಲ್ಲ. ಪಿವಿಸಿ ಪಟ್ಟಿ ಅಥವಾ ಬಣ್ಣ ಹೊಡೆದ ಲೋಹದ ಟೈಲ್ಸ್ ಹಾಕಿಸಿ, ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಸದ್ದು ಸ್ವಲ್ಪ ಜಾಸ್ತಿ ಮೊಳಗುತ್ತದೆ, ರೀಲಿಂಗ್ ಘಟಕದಲ್ಲಿ ಅದನ್ನು ಯಾರು ಕೇಳುತ್ತಾರೆ. ಅದಕ್ಕೂ ಮೊದಲು ಬೇಯಿಸುವ ಜಾಗಕ್ಕೆ ಹಬೆ ಹೊರಗೆ ಎಳೆಯುವ ಎಕ್ಸಾಸ್ಟ್ ಫ್ಯಾನು. ಅದಿಲ್ಲದೆ ಏನು ಹಾಕಿದರೂ ಅದರ ಹಿಂದೆ ಬೂಷ್ಟು ಬೆಳೆಯುತ್ತದೆ.

ಪ್ರಶ್ನೆ: ಮಧುಗಿರಿಯ ಹಳೇ ಕಟ್ಟಡದಲ್ಲಿ ಆಫೀಸ್ ಬಾಡಿಗೆಗೆ ಹಿಡಿದಿದ್ದೇವೆ. ಮೇಲೆ ಬೂದು ಬಣ್ಣದ ಗಡಸು ಶೀಟುಗಳನ್ನು ಮರದ ಪಟ್ಟಿಗೆ ಹೊಡೆದಿದ್ದಾರೆ, ಸುಣ್ಣ ಉದುರುತ್ತಿದೆ. ಯೂಟ್ಯೂಬಿನಲ್ಲಿ ಸೀಲಿಂಗ್ ಕೆರೆದು ಹೊಸದು ಮಾಡುವುದು ತೋರಿಸುತ್ತಾರೆ. ಕೆರೆಯಬಹುದಾ?

ಉತ್ತರ: ಕೆರೆಯಬೇಡಿ. ಉಜ್ಜುಕಾಗದ ಹಾಕಬೇಡಿ, ಡ್ರಿಲ್ ಹಾಕಬೇಡಿ, ಒಣ ಪೊರಕೆಯನ್ನೂ ಆಡಿಸಬೇಡಿ. ನೀವು ಹೇಳುವ ಶೀಟು ಕಲ್ನಾರಿನದು, ಅಂದರೆ ಆಸ್ಬೆಸ್ಟಾಸ್ ಸಿಮೆಂಟಿನದು ಇರುವ ಸಾಧ್ಯತೆ ಇದೆ. ಸುಮ್ಮನೆ ಇದ್ದರೆ ಅದು ಸುಮ್ಮನೆ ಇರುತ್ತದೆ. ಕೆರೆದು ಪುಡಿ ಮಾಡಿದರೆ ಕಣ್ಣಿಗೆ ಕಾಣದ ನಾರು ಎದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಹೋದದ್ದು ಹೊರಗೆ ಬರುವುದಿಲ್ಲ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಾಯಿಲೆ ಕಾಣಿಸಿಕೊಳ್ಳುವುದು ಹತ್ತಾರು ವರ್ಷದ ಮೇಲೆ, ಅಷ್ಟರಲ್ಲಿ ಕೆರೆದದ್ದೇ ಮರೆತಿರುತ್ತೇವೆ.

ಆ ವಿಡಿಯೋಗಳಲ್ಲಿ ಅವರು ಕೆರೆಯುವುದು ಅವರ ಕಡೆಯ ಉಪ್ಪಿಟ್ಟಿನ ಥರ ತರಿತರಿಯಾದ ಸೀಲಿಂಗ್, ಪಿಚಕಾರಿಯಲ್ಲಿ ಸಿಂಪಡಿಸಿದ್ದು. ಅದರ ಹಳೆಯದರಲ್ಲೂ ಕಲ್ನಾರು ಇರಬಹುದು, ಅದಕ್ಕೇ ಅಲ್ಲಿ ಮೊದಲು ತುಂಡು ತೆಗೆದು ಪರೀಕ್ಷೆಗೆ ಕಳಿಸಿ ಆಮೇಲೆ ಕೈ ಹಾಕುತ್ತಾರೆ. ವಿಡಿಯೋದಲ್ಲಿ ಆ ಭಾಗ ಅರ್ಧ ನಿಮಿಷ ಇರುತ್ತದೆ, ನಾವು ಓಡಿಸಿ ನೋಡಿಬಿಡುತ್ತೇವೆ. ನೀವು ಕಟ್ಟಡದ ಮಾಲೀಕರನ್ನು ಕೇಳಿ. ಶೀಟು ಒಡೆದಿಲ್ಲದಿದ್ದರೆ ಉದುರುವ ಸುಣ್ಣವನ್ನು ಒದ್ದೆ ಬಟ್ಟೆಯಲ್ಲಿ ಮೆತ್ತಗೆ ತೆಗೆದು, ಆ ಬಟ್ಟೆ ಕವರಿನಲ್ಲಿ ಕಟ್ಟಿ ಬಿಸಾಡಿ, ಮೇಲೊಂದು ಕೋಟ್ ಪೇಂಟ್ ಹೊಡೆದು ಮುಚ್ಚಿಬಿಡಿ. ಇಡೀ ಪುಟದಲ್ಲಿ ಒಣ ಧೂಳಿಗೆ ಒದ್ದೆ ಬಟ್ಟೆ ತಗೊಳ್ಳಿ ಅಂತ ನಾನು ಹೇಳುತ್ತಿರುವುದು ಇಲ್ಲಿ ಮಾತ್ರ, ಯಾಕೆಂದರೆ ಇಲ್ಲಿ ಧೂಳು ಏಳಬಾರದು. ಶೀಟು ಒಡೆದಿದ್ದರೆ ಬೇರೆ ರೂಮು ನೋಡಿಕೊಳ್ಳಿ.

ಇನ್ನು ಚುಟುಕು ಪ್ರಶ್ನೆಗಳು.

ಚಿಂತಾಮಣಿಯಿಂದ: ಥರ್ಮೋಕೋಲ್ ಟೈಲ್ಸ್ ಮೇಲಿನ ಗಮ್ ಕಲೆಯನ್ನು ಥಿನ್ನರಿನಲ್ಲಿ ತೆಗೆಯಬಹುದಾ? ಕಲೆಯೂ ಹೋಗುತ್ತದೆ, ಟೈಲ್ಸೂ ಹೋಗುತ್ತದೆ. ಥಿನ್ನರ್, ಪೆಟ್ರೋಲ್ ತಾಗಿದರೆ ಥರ್ಮೋಕೋಲ್ ಕರಗುತ್ತದೆ. ಬೆಂಕಿಯೂ ಬೇಗ ಹಿಡಿಯುತ್ತದೆ, ಆಫೀಸಿನಲ್ಲಿ ಅದನ್ನು ತೆಗೆಸುವುದೇ ವಾಸಿ.

ಶಿರಾದಿಂದ: ಟೈಲ್ಸ್ ಮೇಲೆ ಇಲಿ ಓಡಾಡುತ್ತದೆ, ಹಿಕ್ಕೆ ಬೀಳುತ್ತದೆ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ವ್ಯಾಕ್ಯೂಮ್ ಕೂಡ ಬೇಡ, ಅದರ ಧೂಳಿನಿಂದ ಕಾಯಿಲೆ ಬರುತ್ತದೆ. ಮಾಸ್ಕ್, ಗ್ಲೌಸ್ ಹಾಕಿ, ಆ ಟೈಲ್ಸ್ ಮೆಲ್ಲಗೆ ಇಳಿಸಿ ಹೊರಗೆ ತಂದು, ಕ್ರಿಮಿನಾಶಕ ಚಿಮುಕಿಸಿ ನೆನೆಯಲು ಬಿಟ್ಟು, ಟೈಲ್ಸ್ ಸಮೇತ ಬಿಸಾಡಿ. ಪೈಪು, ಕೇಬಲ್ ಒಳಗೆ ಬರುವ ತೂತು ಮುಚ್ಚದೆ ಹೊಸ ಟೈಲ್ಸ್ ಹಾಕಬೇಡಿ. ಇಲಿಗೆ ಹೊಸದು ಹಳೆಯದು ಅನ್ನುವ ಭೇದ ಇಲ್ಲ.

ಗೌರಿಬಿದನೂರಿನಿಂದ: ಪೂರ್ತಿ ಸೀಲಿಂಗಿಗೆ ರೋಲರಿನಲ್ಲಿ ದಪ್ಪ ಪೇಂಟ್ ಹೊಡೆದರೆ ಸುಲಭ ಅಲ್ವಾ? ಸುಲಭ. ಆದರೆ ತೂತೆಲ್ಲ ಮುಚ್ಚಿ ರೂಮು ಮೊಳಗಲು ಶುರುವಾಗುತ್ತದೆ, ಒಬ್ಬರು ಫೋನಿನಲ್ಲಿ ಮಾತಾಡಿದರೆ ಹತ್ತು ಜನಕ್ಕೆ ಕೇಳುತ್ತದೆ. ಹೊಡೆಯಲೇಬೇಕೆಂದರೆ ಮೊದಲು ಧೂಳು ತೆಗೆದು, ನೀರಿನ ಮ್ಯಾಟ್ ಪೇಂಟನ್ನು ಸ್ಪ್ರೇಯಲ್ಲಿ ತೆಳ್ಳಗೆ ಒಂದೇ ಸಲ.

ಮತ್ತೆ ತುಮಕೂರಿನಿಂದಲೇ: ಕೊಳೆಯಾದ ಟೈಲ್ಸ್ ಅನ್ನು ತಿರುಗಿಸಿ ಹಾಕಿದರೆ? ಹಿಂಬದಿಗೆ ಸರಿಯಾದ ಬಣ್ಣ ಇರುವುದಿಲ್ಲ, ನಾರು ಬಿಟ್ಟಿರುತ್ತದೆ, ಅದು ಮೆಲ್ಲಗೆ ಮೇಜಿನ ಮೇಲೆ, ಚಹಾ ಲೋಟದೊಳಗೆ ಉದುರುತ್ತದೆ, ಮೈ ಕೆರೆತ ಬರುತ್ತದೆ. ನೀವು ಕೇಳಿದ ರೀತಿ ನೋಡಿದರೆ ಆಗಲೇ ತಿರುಗಿಸಿ ಹಾಕಿದ್ದೀರಿ ಅನ್ನಿಸುತ್ತದೆ. ಇವತ್ತೇ ವಾಪಸ್ ತಿರುಗಿಸಿ.